ಹದಿನೇಳು ಮಿಲಿಮೀಟರ್

ನಾರಿನ್ ಊರಲ್ಲಿ ಜನವರಿ ಅಂದರೆ
ನದಿಗೆ ಬಾಯಿ ಕಟ್ಟಿಹೋಗಿರುತ್ತದೆ.
ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ
ಗಾಜಿನ ತಟ್ಟೆ ತೊಳೆಯುವವಳು ನಾನು, ಬುರ್ಮಕಾನ್.
ಹನ್ನೊಂದು ವರ್ಷವಾಯಿತು.
ಎಷ್ಟು ಕೋಟಿ ಜೀವಗಳನ್ನು ಬೇಯಿಸಿ ಚೆಲ್ಲಿದ್ದೇನೋ,
ಲೆಕ್ಕ ಇಟ್ಟವರಿಲ್ಲ.

ಈ ಸಲ ಬಂದದ್ದು ಅದಿರಾಶ್ಮಾನ್.
ಚೀಟಿಯ ಮೇಲೆ ಅದಕ್ಕೊಂದು ಲ್ಯಾಟಿನ್ ಹೆಸರು,
ಮದುವೆಗೆಂದು ಸಾಲದ ಕೋಟು ತೊಟ್ಟ ಕುರಿಗಾಹಿಯ ಹಾಗೆ.
ನನಗೆ ಗುರುತು ಹತ್ತಿದ್ದು ಮೂಗಿನಿಂದ.

ಬಾಣಲೆಯ ಕೆಂಡಕ್ಕೆ ಅಮ್ಮ ಒಂದು ಹಿಡಿ ಉದುರಿಸಿ
ಕೆಮ್ಮುವ ತಮ್ಮನ ಸುತ್ತ,
ಈದ ಕುರಿಯ ಸುತ್ತ,
ಒಮ್ಮೆ ನನ್ನ ಗಣಿತದ ಪುಸ್ತಕದ ಸುತ್ತಲೂ
ಹೊಗೆ ಸುಳಿಸಿದ್ದಳು.
ಬೀಜ ಚಟಪಟ ಅಂದರೆ
"ನೋಡು, ಯಾರದೋ ದೃಷ್ಟಿ ಸಿಡಿಯಿತು" ಅನ್ನುವಳು.
ತಮ್ಮ ಆ ಚಳಿಗಾಲ ದಾಟಲಿಲ್ಲ.
ಇದನ್ನು ಡಾಕ್ಟರ್ ಜಿಪಾರ್‌ಗುಲ್‌ಗೆ ನಾನು ಹೇಳಿಲ್ಲ.

ಅವರು ಬೀಜ ಅರೆದು ಎರಡು ಪಾಲು ಮಾಡಿದರು:
ಒಂದು ನೀರಿಗೆ, ಒಂದು ಆಲ್ಕೋಹಾಲಿಗೆ.
ಬ್ಯಾಕ್ಟೀರಿಯಾ ಬಿತ್ತಿದ ಅಗರ್ ಮೇಲೆ
ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಗಳು;
ಇಕ್ಕಳದಲ್ಲಿ ಇಟ್ಟು, ಮುಚ್ಚಿ, ಬೆಚ್ಚನೆಯ ಪೆಟ್ಟಿಗೆಗೆ.
ಮೂವತ್ತೇಳು ಡಿಗ್ರಿ:
ಜ್ವರವಿಲ್ಲದ ಮಗುವಿನ ಮೈಯಷ್ಟು ಬಿಸಿ.

ಬೆಳಗ್ಗೆ ತೆರೆದರೆ
ತಟ್ಟೆ ತುಂಬ ಕೆನೆಗಟ್ಟಿದ ಮಬ್ಬು.
ನೀರಿನ ಬಿಲ್ಲೆಯ ಅಂಚಿಗೇ ಬಂದು ಕೂತಿವೆ
ಹೆದರಿಕೆ ಬೆದರಿಕೆ ಏನೂ ಇಲ್ಲದೆ.
ಆಲ್ಕೋಹಾಲಿನ ಸಾರದ ಸುತ್ತ ಮಾತ್ರ
ಒಂದು ತಿಳಿ ಉಂಗುರ,
ಯುರ್ತ ಬಿಚ್ಚಿಕೊಂಡು ಹೋದವರು
ಹುಲ್ಲಿನಲ್ಲಿ ಬಿಟ್ಟ ದುಂಡು ಜಾಗದಂತೆ.
ಸ್ಕೇಲು ಇಟ್ಟರು. ಹದಿನೇಳು ಮಿಲಿಮೀಟರ್.
ಬರಿಯ ಆಲ್ಕೋಹಾಲಿಗೆ ಸೊನ್ನೆ;
ಹಾಗಾಗಿ ಆ ಜಾಗ ಬೀಜದ್ದೇ.
ಪಕ್ಕದಲ್ಲಿ ಔಷಧದಂಗಡಿಯ ಮದ್ದಿಗೆ ಇಪ್ಪತ್ತೆಂಟು.

"ಹೊಗೆಯನ್ನು ಅಳೆಯುವುದಿಲ್ಲವೇ?" ಕೇಳಿದೆ.
"ಈ ವರ್ಷದ ದುಡ್ಡಿನಲ್ಲಿ ಆಗದು" ಅಂದರು.

ಮಧ್ಯಾಹ್ನ ಇನ್ನೊಂದು ಪರೀಕ್ಷೆ.
ಕೊಳವೆಯಲ್ಲಿ ಕಡು ನೇರಳೆ ದ್ರವ,
ಸಿಕ್ಕವರಿಂದ ಕಿತ್ತುಕೊಳ್ಳಲು ಹೊಂಚುವ ಜಾತಿಯದು.
ಕಬ್ಬಿಣ ತುಕ್ಕಾಗುವುದು, ಬೆಣ್ಣೆ ಮುಗ್ಗುವುದು,
ನಮ್ಮ ಮುಖದ ಗೆರೆಗೂ
ಇಂಥದೇ ಕಸಿತ ಒಂದು ಕಾರಣವಂತೆ.
ಎರಡು ಹನಿ ಸಾರ ಬಿತ್ತು.
ಗಿಡ ತಾನೇ ಕೈಯೆತ್ತಿ ಕೊಟ್ಟಿತು, ಬೇಡಿದ್ದನ್ನು.
ನೇರಳೆ ಬಿಳಿಚಿ, ಇನ್ನೂ ಬಿಳಿಚಿ,
ಒಣಹುಲ್ಲಿನ ಹಳದಿಗೆ ಇಳಿಯಿತು.
ಬೆಳಗ್ಗೆ ಸೋತಿದ್ದ ನೀರಿನ ಸಾರವೂ
ಅರ್ಧ ಗಂಟೆ ತಡವಾಗಿ
ಅದೇ ಹಳದಿಗೆ ಬಂದು ನಿಂತಿತು,
ಬಾಗಿಲು ತಟ್ಟದೆ ಒಳಗೆ ಬಂದ ನೆಂಟನಂತೆ.

ಸಂಜೆ ಅಮ್ಮನಿಗೆ ಫೋನು ಮಾಡಿದೆ.
ಉಂಗುರದ ಅಳತೆ ಹೇಳಿದೆ, ಬಣ್ಣದ ಕತೆ ಹೇಳಿದೆ.
ಆಕೆ ತುಸು ಹೊತ್ತು ಸುಮ್ಮನಿದ್ದು
"ಕೀಳುವ ಮುಂಚೆ ಅದಕ್ಕೆ ಸಲಾಂ ಹೇಳಿದ್ದರಾ?" ಅಂದಳು.
ದಾಖಲೆ ಪುಸ್ತಕ ತಿರುವಿ ನೋಡಿದೆ,
ಅದಕ್ಕೆ ಕಾಲಂ ಇರಲಿಲ್ಲ.

ಮತ್ತೆ ಎಲ್ಲ ತಟ್ಟೆ ಆಟೋಕ್ಲೇವಿಗೆ ಹೋಗಬೇಕು.
ಆ ಒಂದನ್ನು ದೀಪಕ್ಕೆ ಹಿಡಿದೆ.
ತಮ್ಮನ ಕೋಟಿನ ಗುಂಡಿ
ಸರಿಯಾಗಿ ಇಷ್ಟೇ ಅಗಲವಿತ್ತು.
ಅದನ್ನು ಕೊನೆಯಲ್ಲಿ ತೊಳೆದೆ.