ಒರೆ

ಮತ್ರಾ ಬಂದರಿಗೆ ಬೆನ್ನು ಹಾಕಿದ ಅಂಗಡಿ.
ಖಲ್ಫಾನ್ ಶಟರ್ ಅರ್ಧ ಇಳಿಸಿ
ಟವೆಲು ಬಿಚ್ಚಿದ: ಒಂದು ಗೇಣು ಕಂಚು.
"ಮೂರು ಸಾವಿರ ವರ್ಷ ಅಂತಾನೆ ಮಾರುವವನು. ನೀನು?"

ಮೊದಲ ಅರ್ಧ ಗಂಟೆ ನಾನು ಏನೂ ಅನ್ನುವುದಿಲ್ಲ.
ಇದ್ದಿನಬ್ಬ ತಂದಿಟ್ಟ ಸುಲೈಮಾನಿ ಆರುತ್ತದೆ.
ಏಸಿ ತೊಟ್ಟಿಕ್ಕುತ್ತದೆ ಬಕೆಟಿಗೆ.

ನಾಗಮಂಗಲದ ಕುಲುಮೆಯಲ್ಲಿ ಅಪ್ಪ
ಗೆಣ್ಣಿನಿಂದ ಕುಟ್ಟಿ ಕಿವಿಯಲ್ಲಿ ನೋಡುತ್ತಿದ್ದ.
ದನಿ ಸರಿಯಿದ್ದರೆ ಮಾಲು ಸರಿ.
ಇಲ್ಲಿ ತಿರುವುಮುರುವು:
ಮಣ್ಣಲ್ಲಿ ಬಹುಕಾಲ ಮಲಗಿದ್ದು ದನಿಗೊಡುವುದಿಲ್ಲ,
ಒಳಗೊಳಗೇ ಕಲ್ಲಾಗಿರುತ್ತದೆ.
ಟಣ್ ಅಂದರೆ ನಿನ್ನೆ ಮೊನ್ನೆಯದು.
ಇದು ಟಕ್ ಅಂತು. ಅಷ್ಟೆ.

ಅಮ್ಮ ಹುಣಸೆ ಹಚ್ಚಿ ತಿಕ್ಕಿ ಓಡಿಸುತ್ತಿದ್ದ ಕಿಲುಬು
ಇಲ್ಲಿ ಸಾಕ್ಷಿ, ಸೂಜಿಮೊನೆಯಷ್ಟೂ ಕೆರೆಯಬಾರದು.
ಮಸೂರದಡಿ ಹಸಿರು ಹರಳುಹರಳಾಗಿ ಕೂತಿದೆ,
ಅದರಡಿ ಕೆಂಪು, ಅದರಡಿ ಒಂದಿಷ್ಟು ಲೋಹ.
ಬಳಿದ ಹಸಿರಾದರೆ
ಅಸಿಟೋನ್ ವಾಸನೆಗೇ ಬೆವರಿ ಹತ್ತಿಗೆ ಹತ್ತುತ್ತದೆ.
ಹತ್ತಿ ಬೆಳ್ಳಗೇ ಉಳಿಯಿತು.

ಅಲಗು ಅಸಲು.
ಹಿಡಿಯೂ ಅಸಲು:
ಹೆಬ್ಬೆಟ್ಟು ಕೂತು ಕೂತು ಸವೆದ ತಗ್ಗು,
ಯಾರೋ ಎಡಚನದು.
ಖಲ್ಫಾನ್ ಆಗಲೇ ಫೋನಿಗೆ ಕೈ ಹಾಕಿದ್ದ.

ಲೈಟು ಆರಿಸು, ಅಂದೆ.
ನೇರಳೆ ದೀಪ ಹಿಡಿದೆ.
ಅಲಗು ಹಿಡಿಗೆ ಸೇರುವಲ್ಲಿ, ಮೂರು ಗುಬ್ಬಿಮೊಳೆಗಳ ಸುತ್ತ
ಚೆಲ್ಲಿದ ಹಾಲಿನ ಹಾಗೆ ಬೆಳಗಿತು ಅಂಟು.

ಎರಡು ಗೋರಿ.
ಸಾಣೆಯ ಓರೆ ನೋಡಿದರೆ
ಅಲಗಿನವನು ಬಲಗೈಯವನು.
ನಡುವೆ ಐನೂರು ವರ್ಷ ಇದ್ದರೂ ಇದ್ದೀತು.
ಯಾವುದೋ ಹಿತ್ತಲಲ್ಲಿ, ಮೊನ್ನೆ,
ಕೈಕುಲುಕಿಸಿದ್ದಾರೆ.

"ಹಾಗಾದರೆ ಸುಳ್ಳಾ?"
"ಸುಳ್ಳಲ್ಲ."
"ನಿಜವಾ?"
ಬಂದರಿನಲ್ಲಿ ಹಡಗೊಂದು ಕೂಗಿತು, ಉದ್ದಕ್ಕೆ.

ನಮ್ಮಲ್ಲಿ ಒರೆ ಅಂದರೆ ಕತ್ತಿಯ ಮನೆ,
ಒರೆ ಅಂದರೆ ತೀಡಿ ನೋಡುವ ಕಲ್ಲೂ ಹೌದು.
ನನ್ನ ಹರಕು ಅರಬಿಯಲ್ಲಿ ಇದನ್ನು ಹೇಳಹೋಗಿ
ಅರ್ಧಕ್ಕೇ ಬಿಟ್ಟೆ.

ಫಾರಮಿನಲ್ಲಿ ಇರುವುದು ಎರಡೇ ಚೌಕ.
ಎರಡನ್ನೂ ಖಾಲಿ ಬಿಟ್ಟು ಅಂಚಿನಲ್ಲಿ ಬರೆದೆ: ಇಬ್ಬರು.
ಕೆಳಗೆ ಮ್ಯೂಸಿಯಮ್ಮಿನ ನಂಬರು.
ಅವನು ಓದಿ, ಮಡಚಿ, ಜೇಬಿಗಿಟ್ಟ.
ಕರೆಯುತ್ತಾನೋ ಇಲ್ಲವೋ.

ಶಟರ್ ಎತ್ತಿದಾಗ ಒಳನುಗ್ಗಿತು ಉಪ್ಪುಗಾಳಿ,
ಕಂಚಿಗೆ ಆಗದ ಗಾಳಿ.
ಟವೆಲು ಎಳೆದು ಹೊದಿಸಿದೆ,
ನಿದ್ದೆಯಲ್ಲಿ ಹೊದಿಕೆ ಒದ್ದವರಿಗೆ ಹೊದಿಸುವಂತೆ,
ಮೊದಲು ಹಿಡಿಗೆ, ಆಮೇಲೆ ಅಲಗಿಗೆ.