ಮೊದಲ ಸಾಲು ನಿನ್ನದಲ್ಲ

ಬೂಡೋ ಬಂದರಿನ ಫೆರಿ ಕಚೇರಿ. ಮಧ್ಯಾಹ್ನ ಎರಡಕ್ಕೇ
ಕಿಟಕಿಗೆ ಇರುಳು ಬಂದು ಅಂಟಿಕೊಂಡಿದೆ.
ಟಿಕೆಟ್ ಯಂತ್ರ ಬೆಳಗಿನಿಂದ ಒಂದೇ ಸಮ
ಹೆಸರಿಲ್ಲದ ಹಡಗಿಗೆ ಜನರನ್ನು ಹತ್ತಿಸುತ್ತಿದೆ:
ಹೊರಡುವ ಸಮಯ ಇದೆ, ದರ ಇದೆ, ಕಾರಿಗೆ ಜಾಗ ಇದೆ,
ಹೆಸರಿರಬೇಕಾದಲ್ಲಿ ಬರೀ ಬಿಳುಪು.

"ಹೆಸರು ಬರೆದಿದ್ದೇನೆ, ನೋಡಿ," ಎನ್ನುತ್ತಾನೆ ಎಸ್ಕಿಲ್,
ಕೆಲಸಕ್ಕೆ ಸೇರಿ ಹದಿನೇಳು ದಿನ.
"ಹಡಗು ಅಂತ ಒಂದು ಕ್ಲಾಸು ಮೊದಲೇ ಇತ್ತಲ್ಲ, ನಿಮ್ಮದು,
ಅದರ ಮಗಳು ಈ ಫೆರಿ.
ತಾಯಿಗಿದ್ದದ್ದೆಲ್ಲ ಬರಬೇಕಲ್ಲ?"

ಟೋರಿಲ್ ಕನ್ನಡಕ ಹಣೆಗೇರಿಸುತ್ತಾಳೆ.
ತಾಯಿಯಂತೆ ಮಗಳು, ನೂಲಿನಂತೆ ಸೀರೆ,
ಆ ಮಾತು ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.
ನಡೆ ಬರುತ್ತದೆ, ನುಡಿ ಬರುತ್ತದೆ,
ಹುಟ್ಟುವ ಬಗೆ ಬರುವುದಿಲ್ಲ;
ಕನ್‌ಸ್ಟ್ರಕ್ಟರನ್ನು ಯಾರೂ ಯಾರಿಗೂ ಬಿಟ್ಟುಹೋಗುವುದಿಲ್ಲ.
ಪ್ರತಿ ಮಗಳೂ ತನ್ನದನ್ನು ತಾನೇ ಬರೆದುಕೊಳ್ಳಬೇಕು,
ಬರೆದರೂ ಮೊದಲ ಸಾಲು ಅವಳದಲ್ಲ:
ಅಲ್ಲಿ ನಿಂತು ತಾಯಿಯನ್ನು ಕೂಗಬೇಕು.
(ಕೆಲವು ತಾಯಂದಿರು ಬರಿಗೈಯಲ್ಲಿ ಕರೆದರೆ ಏಳುವುದೇ ಇಲ್ಲ.
ತೂಕ ಎಷ್ಟು, ಉದ್ದ ಎಷ್ಟು, ಕೈಗಿಟ್ಟರೆ ಸರಿ.)
ತಾಯಿ ತನ್ನ ತಾಯಿಯನ್ನು, ಅವಳು ಅವಳ ತಾಯಿಯನ್ನು,
ಕೂಗು ಇಳಿಯುತ್ತ ಇಳಿಯುತ್ತ
ಯಾರ ಮಗಳೂ ಅಲ್ಲದ ಒಬ್ಬಳಿಗೆ ತಗುಲಿ
ಅಲ್ಲಿಂದ ಒಂದೊಂದೇ ಮೈ
ಮೇಲಕ್ಕೆ ತುಂಬಿಕೊಂಡು ಬರುತ್ತದೆ.

"ಇಲ್ಲಿ ನೋಡು." ಬೆರಳಿಡುತ್ತಾಳೆ. ಹನ್ನೊಂದನೇ ಸಾಲು,
ಇಪ್ಪತ್ತು ವರ್ಷದ ಹಿಂದೆ ಅವಳೇ ಬರೆದದ್ದು.
ತಾಯಿ ಇನ್ನೂ ತನ್ನನ್ನು ಕಟ್ಟಿಕೊಳ್ಳುತ್ತಿರುವಾಗಲೇ
ಕೇಳಿಬಿಡುತ್ತಾಳೆ: ನಿನ್ನ ಹೆಸರೇನು?
ಉತ್ತರಿಸುವ ನಾಲಗೆ ಮಗಳದು, ಅದು ಆಗಲೇ ಬಂದಿದೆ.
ಹೆಸರು ತುಂಬುವ ಸರದಿ ಬಂದಿಲ್ಲ.
ಮಗಳು ಕೇಳಿದ ಕೂಡಲೇ ಬಾಯಿ ತೆರೆದು
ಶೂನ್ಯವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾಳೆ.
ತಾಯಿ ಅದನ್ನೇ ನಂಬಿ ಬರೆದಿಟ್ಟುಕೊಳ್ಳುತ್ತಾಳೆ.
ಆಮೇಲೆ ಹೆಸರು ಬರುತ್ತದೆ.
ಯಾರೂ ಮತ್ತೆ ಕೇಳುವುದಿಲ್ಲ.

ಎಸ್ಕಿಲ್ ಸುಮ್ಮನಿದ್ದಾನೆ. ಕಾಫಿ ಆರಿದೆ.

ಟೋರಿಲ್‌ಗೆ ಅಪ್ಪನ ಶೆಡ್ಡಿನ ಟಾರು ವಾಸನೆ ಬರುತ್ತದೆ.
ತಳದ ದಿಮ್ಮಿ ಮೊದಲು, ಅದಕ್ಕೊಂದು ಹಲಗೆ,
ಆ ಹಲಗೆಯ ಅಂಚನ್ನು ಕಚ್ಚಿ ಇನ್ನೊಂದು.
ಓಸ್ಮುನ್ ಒಂದೇ ಒಂದು ದೋಣಿಗೂ
ನೀರು ಮುಟ್ಟಿಸುವ ಮುಂಚೆ ಹೆಸರು ಬರೆದವನಲ್ಲ.
ಗಿರಾಕಿ ಎಷ್ಟೇ ಅವಸರಪಡಿಸಲಿ,
ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.
"ಸೋರುತ್ತದೋ ಇಲ್ಲವೋ, ಮೊದಲು ಅದಕ್ಕೇ ತಿಳಿಯಲಿ."
ಮುದುಕನ ಮೂಢನಂಬಿಕೆ ಅಂದುಕೊಂಡಿದ್ದಳು
ಹನ್ನೊಂದನೇ ಸಾಲು ಬರೆದ ದಿನವೂ.

ಸಾಲು ಅಳಿಸುತ್ತಾಳೆ. ಆ ಪ್ರಶ್ನೆಯನ್ನು
ಕಟ್ಟುವ ಕೆಲಸದಿಂದ ಎತ್ತಿ,
ಟಿಕೆಟ್ ಹರಿಯುವ ಹೊತ್ತಿಗೆ ಒಯ್ದು ಇಡುತ್ತಾಳೆ.
ಯಂತ್ರ ಕರಕರ ಎನ್ನುತ್ತದೆ:
ಹಾವ್‌ಸೂಲ. ಹದಿನಾರು ಗಂಟೆ. ಒಂದು ಕಾರು, ಒಂದು ನಾಯಿ.

ಬಿಳಿ ಟಿಕೆಟ್ ಹಿಡಿದು ಬೆಳಿಗ್ಗೆ ಹತ್ತಿದವರು
ಇಷ್ಟು ಹೊತ್ತಿಗೆ ಆಚೆ ದಡದಲ್ಲಿ ಇಳಿದಾಗಿದೆ.
ಯಾವ ಹಡಗಿನಲ್ಲಿ ಬಂದೆವೆಂದು
ಒಬ್ಬರೂ ಫೋನು ಮಾಡಿಲ್ಲ.