ನಾಲ್ಕನೇ ನಂಬರಿನ ಅಂಗಿ

ಬ್ಯಾಡಗಿ ಪ್ಯಾಟ್ಯಾಗ ಸೀನು ಇನ್ನೂ ನಿಂತಿಲ್ಲ,
ಮೆಣಸಿನಕಾಯಿ ಘಾಟು ಹೊಲಿಗಿ ಮಷೀನಿನ ಎಣ್ಣಿಗೂ ಹತ್ತೈತಿ.
ಅಂಥಾದ್ರಾಗ ನನ್ನ ಅಂಗಡಿ ಕಟ್ಟಿ ಮ್ಯಾಲ ಐದು ಮಂದಿ.
ಚಾ ಇಬ್ಬರಿಗೊಂದು,
ಮಾತು ಮಾತ್ರ ಒಬ್ಬೊಬ್ಬರಿಗೂ ಪೂರಾ.

ನಾಡಿದ್ದು ಧಾರವಾಡದಾಗ ವಾಲಿಬಾಲ್ ಮ್ಯಾಚು.
ಕಾಲೇಜಿನ ಹನ್ನೆರಡು ಅಂಗಿ ನನ್ನ ಪಾಲಿಗೆ ಬಂದಾವು.
ಹನ್ನೊಂದು ಮುಗಿಸಿ ಗಂಟು ಕಟ್ಟೀನಿ.
ನಾಲ್ಕನೇದು ಇನ್ನೂ ಮೇಜಿನ ಮ್ಯಾಲ
ಬರೇ ಬಟ್ಟಿ.
ಯಾರ ಅಳತಿಗೆ ಕತ್ತರಿ ಹಾಕ್ಲಿ?
ಹಾವನೂರ ಸರ್ ಫೋನ್ ಎತ್ತವಲ್ಲರು.

"ಮೌಲಾಲಿ ಲಿಫ್ಟರ್ ಆಗಾಕ ಸಾಲೂದಿಲ್ರಿ" ಅಂತಾನ
ದಲಾಲಿ ಅಂಗಡಿ ಗುಮಾಸ್ತ ಚನ್ನವೀರಗೌಡ.
(ತಾನು ಆಡಿದ್ದು ಹತ್ತನೇತ್ತೆ ತನಕ, ಅದೂ ಬೆಂಚಿನ ಮ್ಯಾಲ.)
"ಎತ್ತಿದ್ದೆಲ್ಲಾ ದಿಳ್ಳೆಪ್ಪಗ. ಎಡಕ್ಕ, ಎಡಕ್ಕ, ಮತ್ತ ಎಡಕ್ಕ.
ರಾಣೇಬೆನ್ನೂರ ಹುಡುಗರು ಚೆಂಡು ಏಳೂ ಮೊದಲ
ಅಲ್ಲಿ ಕೈ ಎತ್ತಿ ನಿಂತಿದ್ರು,
ಕೊನೀ ಬಸ್ಸಿಗೆ ಕೈ ಮಾಡಿದಂಗ."

"ಹಿಂದಿನವರು ನೆಟ್ಟಗ ಪಾಸ್ ಕೊಟ್ಟಾರೇನು?
ಚೆಂಡು ಚರಂಡಿ ಕಡೆ ಹೊಂಟಿತ್ತು, ಓಡಿ ಹೋಗಿ ಎತ್ತಿದ.
ಎತ್ತಿದ್ದಕ್ಕ ಬೈತೀರಿ, ಓಡಿದ್ದು ಯಾರೂ ಹೇಳೂದಿಲ್ಲ."
ಇದು ಸೈಕಲ್ ಅಂಗಡಿ ಪುಟ್ಟಪ್ಪ. ದಿಳ್ಳೆಪ್ಪನ ಸೋದರಮಾವ,
ಆದ್ದರಿಂದ ಸಾಕ್ಷಿ ನಡಿಯೂದಿಲ್ಲ ಅಂತ ಕಟ್ಟಿ ತೀರ್ಪು.

ಇಪ್ಪತ್ಮೂರು ಇಪ್ಪತ್ಮೂರು ಇದ್ದಾಗಿನ ಆ ಡಬಲ್ ಟಚ್
ವರ್ಷ ಆತು, ಇನ್ನೂ ಹಳಸಿಲ್ಲ.
ದಿನಾ ಸಂಜಿಗೆ ಬಿಸಿ ಮಾಡಿ ಬಡಸ್ತಾರ.

ಹಂಗಾರ ಫಕ್ಕೀರೇಶ?
ಆರಡಿ ಮ್ಯಾಲ ಎರಡು ಬೆರಳು.
ಕೈ ಎತ್ತಿದ್ರ ನೆಟ್ಟಿನ ಆಚೆ ಅಂಗೈ.
ಆದ್ರ ಅವನು ಮುಟ್ಟಿದ ಚೆಂಡು ಬುಗುರಿ,
ತಿರುಗಿಕೋತ ಬರೂ ಚೆಂಡಿಗೆ ಹೊಡಿಯಾಕ ಹೋಗಿ
ದಿಳ್ಳೆಪ್ಪ ಎರಡು ಸಲ ಗಾಳಿಗೆ ಹೊಡದಾನ.

ಅಷ್ಟರಾಗ ಕಾಲೇಜಿನ ಕಸ ಹೊಡಿಯೂ ಗಂಗವ್ವ
ಜಂಪರ್ ಒಯ್ಯಾಕ ಬಂದಳು, ನಿಂತು ಕೇಳಿದಳು.
"ಯಾವ ಹುಡುಗ? ಎಲ್ಲಾರೂ ಹೋದಮ್ಯಾಲ
ನೆಟ್ ಸುತ್ತಿ ಇಡ್ತಾನಲ್ಲ, ಅವನ?"
"ಅವನ."
"ಮತ್ತ ಆಡ್ಲಿ ಬಿಡ್ರಿ."
"ಅದು ಆಟದ ಲೆಕ್ಕಕ್ಕ ಬರೂದಿಲ್ಲ ಯವ್ವಾ" ಅಂದ ಚನ್ನವೀರಗೌಡ.
ಬರೂದಿಲ್ಲ, ಖರೇ.
ಆಕಿ ಜಂಪರಿನ ತೋಳು ಬಿಗಿ ಆತು ಅಂತ ನನಗ ಬೈದು ಹೋದಳು.

ನಾನು ಏನೂ ಅನ್ನಲಿಲ್ಲ.
ಮೂವತ್ತೊಂದು ವರ್ಷ ಈ ಟೇಪು ಕೊರಳಾಗ ಹಾಕ್ಕೊಂಡೀನಿ,
ಎದಿ ಎಷ್ಟು ಅಂತ ಹೇಳ್ತೈತಿ,
ಎದಿಗಾರಿಕಿ ಹೇಳೂದಿಲ್ಲ.

ಮೊನ್ನೆ ಅಳತಿಗೆ ಬಂದಿದ್ದ ಮೌಲಾಲಿ.
ಎದಿ ಮೂವತ್ನಾಲ್ಕು. ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಇಳದೈತಿ,
ಅಪ್ಪನ ಸಂಗಾಟ ಗಾದಿ ಹೊತ್ತು ಓಣಿ ಓಣಿ ತಿರುಗಿದ ಹೆಗಲು.
"ಕೈ ಎತ್ತಪಾ" ಅಂದೆ.
ಎತ್ತಿದ. ಹತ್ತೂ ಬೆರಳು ಬಿಚ್ಚಿದ,
ಉಗುರಿನ ಸಂದಿಯಾಗ ಅರಳಿ ಎಳಿ.
ಇಳಿಸು ಅನ್ನೂದು ಮರತೆ.
ಮ್ಯಾಲಿಂದ ಏನೋ ಬರೂದೈತಿ ಅನ್ನೂವಂಗ
ಮಾಡು ನೋಡಿಕೋತ ನಿಂತ.
ಅಲ್ಲಿ ಫ್ಯಾನ್ ತಿರಗತಿತ್ತು, ಅಷ್ಟ.

"ಕಟ್ಟಿ ಮ್ಯಾಲ ಏನಂತಾರ ಕಾಕಾ ನನಗ?"
ಬಾಯಾಗ ಟಾಚಣಿ ಇದ್ದವು ನನ್ನ ಪುಣ್ಯ.
ಊಂ ಅಂದೆ.
ಅದಕ್ಕ ಅವನು ಯಾವ ಅರ್ಥ ಮಾಡಿಕೊಂಡನೋ,
"ಕಂಕುಳಾಗ ಒಂಚೂರು ಸಡಲ ಬಿಡ್ರಿ" ಅಂದು ಹೋದ.

ಈಗ ರಾತ್ರಿ ಹತ್ತೂವರಿ.
ಕಟ್ಟಿ ಖಾಲಿ, ಚಾದ ಗ್ಲಾಸಿಗೆ ಇರಿವಿ ಮುತ್ತ್ಯಾವು.
ಸರ್ ಇನ್ನೂ ಫೋನ್ ಎತ್ತಿಲ್ಲ.
ಕತ್ತರಿ ಹಾಕಿದೆ.

ಸುಳ್ಳು ಯಾಕ ಹೇಳ್ಲಿ,
ಬಗಲಿನ ಹೊಲಿಗಿ ಒಳಗ ಎರಡೆರಡು ಇಂಚು ಬಟ್ಟಿ ಬಿಟ್ಟೀನಿ,
ಕೆಳಗೂ ಮಡಚಿ ಇಟ್ಟೀನಿ ನಾಲ್ಕು ಬೆರಳು.
ನಾಳೆ ಬಿಚ್ಚು ಅಂದ್ರ ಬಿಚ್ಚಬಹುದು,
ಫಕ್ಕೀರೇಶಗ ಆಗ್ತೈತಿ.
ಇದಕ್ಕ ನೀವು ಶ್ಯಾಣೇತನ ಅನ್ನಿರಿ, ಅಂಜುಬುರುಕತನ ಅನ್ನಿರಿ,
ಕಟ್ಟಿ ಐತಿ, ಕುಂತು ಮಾತಾಡ್ರಿ.

ಹೆಗಲು ಮಾತ್ರ ಸಮ ಮಾಡಲಿಲ್ಲ.
ಎಡಕ್ಕ ಅರ್ಧ ಇಂಚು ಇಳಿಸೇ ಕತ್ತರಿಸೀನಿ.